ತುಂಬಿದವರ ಹೆಸರು

ನನ್ನ ಕೆಲಸವೇ ಅನುಮಾನ ಪಡುವುದು. ಅಮೆರಿಕದ ರೆಡ್‌ವುಡ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಟೆಸ್ಟಿಂಗ್ ಎಂಜಿನಿಯರು. ಹುಡುಗರು ತಾವು ಬರೆದ ಪ್ರೋಗ್ರಾಮು ಅಪ್ಪಟ ಚಿನ್ನ ಎಂದುಕೊಂಡು ಬಂದಾಗ ಅದರಲ್ಲಿ ಹುಳುಕು ಎಲ್ಲಿದೆ ಎಂದು ತೋರಿಸುವುದಕ್ಕೆ ನನಗೆ ಸಂಬಳ. ೧೯೯೯ನೇ ಇಸವಿಯಂತೂ ನನ್ನಂಥವಳಿಗೆ ಸುಗ್ಗಿ. ವರ್ಷ ಎರಡು ಸಾವಿರಕ್ಕೆ ತಿರುಗಿದ ಕೂಡಲೇ ಯಾವ ಕಂಪ್ಯೂಟರು ಏನು ಮಾಡುತ್ತದೋ ಎಂದು ಊರಿಗೆ ಊರೇ ಅನುಮಾನದಲ್ಲಿತ್ತು. ಈ ಗುಣವನ್ನು ಆಫೀಸಿನಲ್ಲೇ ಬಿಟ್ಟು ಮನೆಗೆ ಬರುವುದು ಮಾತ್ರ ನನಗೆ ಬರಲಿಲ್ಲ. ಹಾಲಿನ ಡಬ್ಬದ ಮೇಲಿನ ತಾರೀಖು, ಡೇಕೇರಿನವಳ ನಗು, ಗಂಡನ ಶನಿವಾರಗಳು, ಎಲ್ಲವನ್ನೂ ಎರಡೆರಡು ಸಲ ನೋಡುತ್ತಿದ್ದೆ.

ನಮ್ಮವರಿಗೆ, ಅಂದರೆ ಮಧುಕರ್‌ಗೆ, ಹಳೇ ಕೋವಿಯ ಹುಚ್ಚು ಹಿಡಿದು ಎರಡು ವರ್ಷವಾಗಿತ್ತು. ಮೈಸೂರಿನ ಲಾಯರು ಮನೆತನ. ಅವರಲ್ಲಿ ಯಾರೂ ಹಾವು ಹೊಡೆಯುವುದಕ್ಕೂ ದೊಣ್ಣೆ ಎತ್ತಿದವರಲ್ಲ. ಪಾಲೋ ಆಲ್ಟೋದಲ್ಲಿ ಚಿಪ್ ಡಿಸೈನು ಮಾಡಿಕೊಂಡು ಕೂತಿದ್ದ ಈ ಮನುಷ್ಯ ಒಂದು ಭಾನುವಾರ ಆಫೀಸಿನ ಯಾರೋ ಹಿರಿಯನ ಜೊತೆ ಡೇಲಿ ಸಿಟಿಯ ಗನ್ ಶೋಗೆ ಹೋಗಿ ನೂರಿಪ್ಪತ್ತು ವರ್ಷದ ಕೋವಿಯೊಂದನ್ನು ಹೊತ್ತುಕೊಂಡು ಬಂದರು. ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ ಕೋವಿ. ಹೊಡೆದ ಮೇಲೆ ಕೆಳಗಿನ ಹಿಡಿ ಇಳಿಸಿ, ಖಾಲಿ ತೋಟಾ ತೆಗೆದು, ಇನ್ನೊಂದು ಇಟ್ಟು, ಮತ್ತೆ ಗುರಿ ಹಿಡಿಯಬೇಕು. ಇಷ್ಟು ನಿಧಾನದ ವಸ್ತು ಯಾಕೆ ಬೇಕು ಎಂದು ಕೇಳಿದೆ. ತಾವು ಈ ವರ್ಷ ಮಾಡಿದ ಚಿಪ್ ಮುಂದಿನ ವರ್ಷ ಕಸ, ಇದು ಮುತ್ತಾತನ ಕಾಲದ್ದು, ಇನ್ನೂ ಹೇಳಿದ ಕಡೆ ಹೊಡೆಯುತ್ತದೆ ಎಂದರು.

ಆ ಕೋವಿಯ ತೋಟಾ ಈಗ ಅಂಗಡಿಯಲ್ಲಿ ಸಿಗುವುದಿಲ್ಲವಂತೆ. ಈಗಿನ ಮದ್ದು ತುಂಬಿದರೆ ಅದರ ಜೋರಿಗೆ ಹಳೇ ಕಬ್ಬಿಣ ಸೀಳಿಹೋಗುತ್ತದಂತೆ. ಆದ್ದರಿಂದ ಎಲ್ಲವನ್ನೂ ಕೈಯಲ್ಲೇ ಮಾಡಿಕೊಳ್ಳಬೇಕು. ಮೌಂಟನ್ ವ್ಯೂನ ನಮ್ಮ ಬಾಡಿಗೆ ಮನೆಯ ಗರಾಜು ಹೀಗೆ ಅಕ್ಕಸಾಲಿ ಅಂಗಡಿಯಾಯಿತು. ಹೊಡೆದು ಖಾಲಿಯಾದ ಹಿತ್ತಾಳೆ ತೋಟಾಗಳನ್ನು ಸೋಪಿನ ನೀರಿನಲ್ಲಿ ತೊಳೆದು ನನ್ನ ಒಳ್ಳೆಯ ಟವೆಲಿನ ಮೇಲೆ ಒಣಹಾಕುವರು. ಸೀಸ ಕರಗಿಸಿ, ಅದಕ್ಕೆ ಚೂರು ತವರ ಬೆರೆಸಿ, ಅಚ್ಚಿಗೆ ಹೊಯ್ದು ಗುಂಡು ತೆಗೆಯುವರು. ಒಂದೊಂದನ್ನೂ ತಕ್ಕಡಿಯಲ್ಲಿ ತೂಗಿ, ಕೂದಲೆಳೆಯಷ್ಟು ಕಡಿಮೆಯಿದ್ದರೂ ಮತ್ತೆ ಮೂಸೆಗೆ ಹಾಕುವರು. ಗುಂಡಿನ ಸುತ್ತ ಜೇನುಮೇಣ ಹಚ್ಚುವರು. ಕರಿಮದ್ದನ್ನು ಉದ್ದನೆಯ ಕೊಳವೆಯಲ್ಲಿ ಕಾಳುಕಾಳಾಗಿ ಇಳಿಸುವರು. ಮೈಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿದರೆ ಪುರುಸೊತ್ತಿಲ್ಲ ಎನ್ನುವ ಮನುಷ್ಯ ಗುಂಡಿಗೆ ಮೇಣ ಹಚ್ಚಿಕೊಂಡು ಅರ್ಧ ದಿನ ಕೂರುತ್ತಿದ್ದರು.

ತುಂಬಿದ ಪ್ರತಿ ಡಬ್ಬಿಯ ಮೇಲೂ ಒಂದು ಚೀಟಿ ಅಂಟಿಸುತ್ತಿದ್ದರು. ತಾರೀಖು, ಮದ್ದು, ಲೋಹ, ಕೊನೆಗೆ ‘ತುಂಬಿದವರು: ಮಧುಕರ್’. ಆಫೀಸಿನದೆಲ್ಲ ಇಂಗ್ಲಿಷಾಯಿತು, ಇದೊಂದಾದರೂ ಕನ್ನಡದಲ್ಲಿರಲಿ ಎಂದು ಚೀಟಿಯನ್ನೂ ನೋಟ್‌ಬುಕ್ಕನ್ನೂ ಕನ್ನಡದಲ್ಲೇ ಬರೆಯುತ್ತಿದ್ದರು. ಗರಾಜಿನಲ್ಲಿ ಇರುವುದು ನೀವೊಬ್ಬರೇ, ಇನ್ಯಾರು ಬಂದು ತುಂಬುತ್ತಾರೆ ಎಂದು ನಾನು ಗೇಲಿ ಮಾಡಿದೆ. ಇದು ಈ ಕೆಲಸದವರ ಕಟ್ಟುನಿಟ್ಟು ಎಂದರು. ತಪ್ಪಾಗಿ ತುಂಬಿದ ತೋಟಾ ಸಿಡಿದರೆ ಕೆನ್ನೆಯ ಪಕ್ಕದಲ್ಲೇ ಸಿಡಿಯುತ್ತದೆ. ಅದಕ್ಕೇ ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಹೊಡೆಯುವುದಿಲ್ಲ, ಹೆಸರಿಲ್ಲದ ತೋಟಾವನ್ನು ಯಾರೂ ಮುಟ್ಟುವುದಿಲ್ಲ. ಏನು ಮಾಡಿದೆಯೋ ಅದಕ್ಕೆ ಹೆಸರು ಹಾಕು, ಅಷ್ಟೆ ಎಂದರು.

ನನ್ನದೂ ಒಂದು ಕಟ್ಟುನಿಟ್ಟಿತ್ತು. ಗರಾಜಿನ ಕೈ ಅಡುಗೆಮನೆಗೆ ಬರಕೂಡದು. ಸೀಸ ವಿಷ ಎಂದು ಗೊತ್ತಿದ್ದವಳು ನಾನು. ಶನಿವಾರ, ಭಾನುವಾರ ಅವರು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ನೀರು ಬೇಕಾದರೂ ನಾನೇ ತಂದು ಕೊಡುತ್ತಿದ್ದೆ. ಅಷ್ಟು ಎಚ್ಚರದ ಹೆಂಗಸು ನಾನೆಂದು ನನಗೇ ಹೆಮ್ಮೆ.

ಅಡುಗೆಮನೆಯಲ್ಲಿ ನನಗೊಂದು ಆಸ್ತಿಯಿತ್ತು, ಅಜ್ಜಿಯ ಕಾಲದ ಹಿತ್ತಾಳೆ ಸಾರಿನ ಪಾತ್ರೆ. ಸೀರೆಗಳ ನಡುವೆ ಸುತ್ತಿ ಸೂಟ್‌ಕೇಸಿನಲ್ಲಿ ತಂದದ್ದು. ಸ್ಟೀಲಿನಲ್ಲಿ ಕುದಿಸಿದ್ದು ಸಾರೇ ಅಲ್ಲ ಎಂಬುದು ನಮ್ಮ ತವರಿನವರ ಹಟ. ಬರುಬರುತ್ತಾ ಒಳಗಿನ ಕಲಾಯಿ ಸವೆದು ಹಳದಿ ಕಾಣತೊಡಗಿತು. ಹುಳಿ ಬಿದ್ದರೆ ಕಿಲುಬು ಏಳುತ್ತಿತ್ತು. ಈ ಊರಿನಲ್ಲಿ ಕಲಾಯಿಯವನನ್ನು ಎಲ್ಲಿಂದ ತರಲಿ? ಬರ್ನರೂ ಇದೆ, ತವರವೂ ಇದೆ, ನೀವೇ ಹಾಕಿಕೊಡಿ ಎಂದು ಮಧುಕರ್‌ಗೆ ಹತ್ತು ಸಲ ಹೇಳಿದೆ. ಮುಂದಿನ ವಾರ, ಮುಂದಿನ ವಾರ ಎಂದರು. ಫೆಬ್ರವರಿಯ ಒಂದು ಶನಿವಾರ ಅವರು ಗುಂಡು ಹೊಡೆಯಲು ರೇಂಜಿಗೆ ಹೋಗಿದ್ದಾಗ ನಾನೇ ಹಾಕಿಬಿಟ್ಟೆ. ಅವರ ಬರ್ನರು, ಅವರ ತವರ, ನನ್ನ ಕೈ. ಚಿಕ್ಕವಳಿದ್ದಾಗ ಕಲಾಯಿಯವನು ನಮ್ಮ ಬೀದಿಗೆ ಬಂದರೆ ಇಡೀ ಬೆಳಿಗ್ಗೆ ಅವನೆದುರು ಕುಕ್ಕರುಗಾಲಿನಲ್ಲಿ ಕೂತು ನೋಡಿದವಳು ನಾನು. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರದ ಗಟ್ಟಿ ಕರಗಿಸಿ, ಹೊಗೆ ಎದ್ದ ಹಾಗೆ ಹತ್ತಿಯಲ್ಲಿ ಒರೆಸಿದೆ. ಒಳಗೆಲ್ಲ ಬೆಳ್ಳಿ. ಗಂಡ ಬಂದು ನೋಡಿ ಏನಾದರೂ ಹೇಳಲಿ ಎಂದು ಬಾಯಿ ಬಿಡದೆ ಕಾದೆ. ಅವರು ಸಾರು ಸುರಿದುಕೊಂಡು ಉಂಡರು, ಪಾತ್ರೆ ನೋಡಲಿಲ್ಲ. ಅವರು ಕೇಳುವ ತನಕ ನಾನೂ ಹೇಳುವುದಿಲ್ಲ ಎಂದು ಆ ಸಿಟ್ಟನ್ನು ಹಾಗೇ ಇಟ್ಟುಕೊಂಡೆ.

ಮೇ ತಿಂಗಳಿಗೆ ಮಗಳು ಲಾಸ್ಯಾಗೆ ಎರಡು ವರ್ಷ ತುಂಬಿತು. ಎರಡು ವರ್ಷಕ್ಕೆ ಮಾಡುವ ಪರೀಕ್ಷೆಗಳ ಜೊತೆ ರಕ್ತದಲ್ಲಿ ಸೀಸ ಇದೆಯೇ ಎಂದೂ ನೋಡುತ್ತಾರೆ. ಹತ್ತರ ಒಳಗಿರಬೇಕಾದದ್ದು ಹದಿನಾಲ್ಕು ಬಂತು. ಸೀಸ ಮಕ್ಕಳ ಮಿದುಳಿಗೆ ಹೋಗುತ್ತದೆ, ಮಾತು ಬುದ್ಧಿ ಎರಡಕ್ಕೂ ಪೆಟ್ಟು, ಹೋದದ್ದು ಪೂರ್ತಿ ವಾಪಸು ಬರುತ್ತದೆಂದು ಹೇಳಲಾಗದು ಎಂದು ಡಾಕ್ಟರು ಮೆತ್ತಗೆ ಹೇಳಿದರು. ಮನೆಯಲ್ಲಿ ಸೀಸದ ಕೆಲಸ ಮಾಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ನಾನು ತಲೆ ತಿರುಗಿಸಿ ಮಧುಕರ್ ಮುಖ ನೋಡಿದೆ. ಅವರು ತಮ್ಮ ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ವಿಚಾರಣೆ ಶುರುವಾಯಿತು. ಒಂದೇ ವಾರದಲ್ಲಿ ಅವರು ಮೂಸೆ, ಅಚ್ಚು, ಸೀಸ, ಮದ್ದು, ಕೋವಿ ಎಲ್ಲವನ್ನೂ ಗರಾಜಿನಿಂದ ತೆಗೆದು ರೆಡ್‌ವುಡ್ ಸಿಟಿಯಲ್ಲಿ ಸಾಮಾನು ಇಡಲು ಬಾಡಿಗೆಗೆ ಸಿಗುವ ಸ್ಟೋರೇಜು ಕೋಣೆಗೆ ಸಾಗಿಸಿದರು. ನೆಲವನ್ನು ಮೂರು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿದರು. ನಾನು ಅವರ ಹಿಂದೆಯೇ ನಿಂತು ಮೂಲೆ ತೋರಿಸಿದೆ. ಇನ್ನು ಮುಟ್ಟುವುದಿಲ್ಲ ಎಂದು ಅವರು ಹೇಳಿದ್ದನ್ನು ನಾನು ನಂಬಲಿಲ್ಲ. ಷರಟಿನ ತೋಳು ಮೂಸುತ್ತಿದ್ದೆ, ಉಗುರಿನ ಸಂದಿ ನೋಡುತ್ತಿದ್ದೆ, ಕಾರಿನ ಮೈಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಮಗುವಿಗೆ ಹೊಟ್ಟೆ ಕಟ್ಟಿಕೊಂಡು ಊಟ ಸೇರುತ್ತಿರಲಿಲ್ಲ. ಸೇರುತ್ತಿದ್ದದ್ದು ಅನ್ನ ಸಾರು ಒಂದೇ. ಡೇಕೇರಿನ ಡಬ್ಬಿಗೂ ಅದನ್ನೇ ಕಲಸಿ ಕಳಿಸತೊಡಗಿದೆ. ಕಲಾಯಿ ಬೇಗ ಮಂಕಾಗುತ್ತಿದೆ ಅನ್ನಿಸಿದಾಗ ಹುಣಸೆಹಣ್ಣು ಹಾಕಿ ಚೆನ್ನಾಗಿ ಉಜ್ಜುತ್ತಿದ್ದೆ.

ಜುಲೈಯಲ್ಲಿ ಇಪ್ಪತ್ತೆರಡು.

ಕೌಂಟಿಯ ಆರೋಗ್ಯ ಇಲಾಖೆಯಿಂದ ನರ್ಸಮ್ಮ ಒಬ್ಬಳು ಮನೆಗೆ ಬಂದಳು. ಜೊತೆಗೆ ಒಬ್ಬ, ಸೀಸ ಪತ್ತೆ ಹಚ್ಚುವ ಯಂತ್ರ ಹಿಡಿದವನು, ಕಿಟಕಿ ಬಾಗಿಲಿನ ಬಣ್ಣವನ್ನೆಲ್ಲ ನೋಡಿದ. ಹಳೇ ಬಣ್ಣದಲ್ಲೂ ಸೀಸ ಇರುತ್ತದಂತೆ, ನಮ್ಮದರಲ್ಲಿ ಇರಲಿಲ್ಲ. ಗರಾಜಿನ ಮೂಲೆಯ ದೂಳಿನಲ್ಲಿ ಮಾತ್ರ ಸೀಸ ಸಿಕ್ಕಿತು. ನರ್ಸಮ್ಮ ತನ್ನ ಪಟ್ಟಿ ಹಿಡಿದು ಕೇಳುತ್ತಾ ಹೋದಳು. ಕಾಡಿಗೆ ಹಚ್ಚುತ್ತೀರಾ, ನಾಟಿ ಔಷಧಿ ಕೊಡುತ್ತೀರಾ, ನಿಮ್ಮ ದೇಶದಿಂದ ತಂದ ಹಳೆಯ ಅಡುಗೆ ಪಾತ್ರೆ ಇದೆಯೇ. ನನಗೆ ಮೈ ಉರಿದುಹೋಯಿತು. ಗರಾಜಿನಲ್ಲಿ ಗುಂಡು ಎರಕ ಹೊಯ್ಯುವುದು ಇವರ ಅಮೆರಿಕದ ಹುಚ್ಚು, ಅನುಮಾನ ಪಡುವುದು ನನ್ನ ಅಜ್ಜಿಯ ಪಾತ್ರೆಯ ಮೇಲೆ! ಕಾಡಿಗೆಯನ್ನು ಅವಳೆದುರೇ ಕಸಕ್ಕೆ ಹಾಕಿದೆ. ನಮ್ಮಲ್ಲಿ ಎಲ್ಲ ಸ್ಟೀಲು ಎಂದೆ. ಸಾರು ಆಗ ಒಲೆಯ ಮೇಲೆ ಕುದಿಯುತ್ತಿತ್ತು, ಮೇಲೆ ತಟ್ಟೆ ಮುಚ್ಚಿತ್ತು. ಗರಾಜಿನ ಉತ್ತರ ಸಿಕ್ಕಿದ್ದ ಅವಳು ಹೆಚ್ಚು ಕೆದಕಲಿಲ್ಲ.

ಅವಳು ಹೋದ ಮೇಲೆ ನಾನು ಮಧುಕರ್‌ಗೆ ಮನೆ ಬಿಟ್ಟು ಹೋಗಿ ಎಂದೆ. ಅವರ ಚರ್ಮದಲ್ಲಿ, ಕೂದಲಲ್ಲಿ, ಷೂನಲ್ಲಿ ಸೀಸ ಇದೆ, ಇಲ್ಲವೇ ಕದ್ದು ಇನ್ನೂ ಅದೇ ಕೆಲಸ ಮಾಡುತ್ತಿದ್ದಾರೆ, ಎರಡರಲ್ಲಿ ಒಂದು. ಅವರು ವಾದ ಮಾಡಲಿಲ್ಲ. ವಾದ ಮಾಡದೇ ಇದ್ದದ್ದೇ ನನಗೆ ಸಾಕ್ಷಿಯಾಯಿತು. ಸೂಟ್‌ಕೇಸು ತೆಗೆದುಕೊಂಡು ಗೆಳೆಯ ವೆಂಕಟೇಶನ ಅಪಾರ್ಟ್‌ಮೆಂಟಿಗೆ ಹೋದರು. ಮೈಸೂರಿಗೆ ಫೋನು ಮಾಡಿ ಅತ್ತೆ ಸತ್ಯವತಿಯವರಿಗೆ ನಾನೇ ಹೇಳಿದೆ, ನಿಮ್ಮ ಮಗ ನಿಮ್ಮ ಮೊಮ್ಮಗಳಿಗೆ ವಿಷ ತಿನ್ನಿಸಿದ್ದಾರೆ ಎಂದು. ಕನ್ನಡ ಕೂಟದವರು ಮನೆಗೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್ಕಿನಲ್ಲಿ ಎಲ್ಲರೂ ಷೇರಿನ ಮಾತು ಬಿಟ್ಟು ನನ್ನ ಕಥೆ ಕೇಳಿದರು. ನಾಲ್ಕು ಮನೆ ಆಚೆಯ ಗೆಳತಿ ಸಂಯುಕ್ತಾ ನನ್ನನ್ನು ಅಪ್ಪಿಕೊಂಡು ನಿನ್ನ ಧೈರ್ಯ ದೊಡ್ಡದು ಎಂದಳು.

ಶನಿವಾರ ಹತ್ತು ಗಂಟೆಗೆ ಲಾಸ್ ಆಲ್ಟೋಸಿನ ಪಾರ್ಕಿನಲ್ಲಿ ಒಂದು ಗಂಟೆ ಮಗುವನ್ನು ನೋಡಲು ಅವರಿಗೆ ಅವಕಾಶ ಕೊಟ್ಟಿದ್ದೆ. ಹೊಸ ಬಟ್ಟೆ ಹಾಕಿಕೊಂಡು ಬರಬೇಕು, ಅಲ್ಲಿನ ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆಯಬೇಕು, ಆಮೇಲೆ ಮುಟ್ಟಬೇಕು. ಲಾಸ್ಯಾಗೂ ಹೇಳಿಕೊಟ್ಟಿದ್ದೆ. ಅಪ್ಪ ದೂರದಲ್ಲಿ ಕಂಡ ಕೂಡಲೇ ಅವಳು ಕೈ ಚಾಚಿ ತಡೆದು, “ಅಪ್ಪಾ, ವಾಶ್” ಅನ್ನುತ್ತಿದ್ದಳು. ಅವರು ನಲ್ಲಿಯ ಕಡೆ ಹೋಗಿ ತೊಳೆದು, ಎರಡೂ ಅಂಗೈ ತಿರುಗಿಸಿ ಅವಳಿಗೆ ತೋರಿಸಿದ ಮೇಲೆ ಅವಳು ಬಳಿಗೆ ಬಿಡುತ್ತಿದ್ದಳು. ಆ ದಿನಗಳಲ್ಲಿ ನನಗೂ ಹೊಟ್ಟೆನೋವು, ತಲೆನೋವು ಬಿಡದೆ ಕಾಡುತ್ತಿತ್ತು. ಎಲ್ಲ ಈ ಮನುಷ್ಯ ಕೊಟ್ಟ ಸಂಕಟ ಎಂದುಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಮೂವತ್ತೊಂದು.

ನಲವತ್ತೈದು ದಾಟಿದರೆ ಆಸ್ಪತ್ರೆಗೆ ಸೇರಿಸಿ ರಕ್ತದಿಂದ ಸೀಸ ಎಳೆಯುವ ಔಷಧಿ ಕೊಡಬೇಕು ಎಂದರು ಡಾಕ್ಟರು. ಲಾಸ್ಯಾಳ ಮಾತು ಮುಂದೆ ಹೋಗುತ್ತಿರಲಿಲ್ಲ. ಮೇ ತಿಂಗಳಲ್ಲಿ ಬರುತ್ತಿದ್ದ ಎಷ್ಟೋ ಶಬ್ದಗಳನ್ನು ಅವಳು ಈಗ ಹೇಳುತ್ತಲೇ ಇರಲಿಲ್ಲ. ಚಂದಮಾಮ ಹೋಯಿತು, ಗುಬ್ಬಿ ಹೋಯಿತು. ಗರಾಜು ಖಾಲಿ, ಗಂಡ ಹೊರಗೆ, ಆದರೂ ಅಂಕಿ ಏರುತ್ತಿದೆ. ಆಫೀಸಿನಲ್ಲಾಗಿದ್ದರೆ ಹುಳುಕು ಬೇರೆ ಕಡೆ ಇದೆ ಎಂದು ಮೊದಲನೇ ದಿನವೇ ಹೇಳುತ್ತಿದ್ದೆ. ಮನೆಯಲ್ಲಿ ಹಾಗೆ ಹೊಳೆಯಲಿಲ್ಲ. ಶನಿವಾರದ ಆ ಒಂದು ಗಂಟೆಯಲ್ಲೇ ಅವರು ವಿಷ ದಾಟಿಸುತ್ತಿದ್ದಾರೆ, ಸ್ಟೋರೇಜಿನಲ್ಲಿ ಎರಕ ಹೊಯ್ದು ನೇರ ಪಾರ್ಕಿಗೆ ಬರುತ್ತಿದ್ದಾರೆ ಎಂದೇ ಅನ್ನಿಸಿತು. ಪಾರ್ಕಿನಿಂದ ಅವರು ಪ್ರತಿ ಸಲ ಅವಸರದಲ್ಲಿ ಹೊರಡುತ್ತಿದ್ದದ್ದೂ ಇದಕ್ಕೆ ಸರಿಹೊಂದಿತು.

ಮುಂದಿನ ಶನಿವಾರ ಪಾರ್ಕಿಗೆ ಸಂಯುಕ್ತಾಳನ್ನೂ ಅವಳ ಕಾರಿನಲ್ಲಿ ಬರಹೇಳಿದ್ದೆ. ಅವರು ಹೊರಟ ಕೂಡಲೇ ಮಗುವನ್ನು ಅವಳ ಕೈಗೆ ಕೊಟ್ಟು, ಅವರ ಬಿಳಿ ಕಾರಿನ ಹಿಂದೆ ಬಿದ್ದೆ. ನೂರೊಂದು ಫ್ರೀವೇಯಲ್ಲಿ ಎರಡು ಕಾರು ಬಿಟ್ಟು ಹಿಂದೆ ನಾನು. ರಸ್ತೆಯುದ್ದಕ್ಕೂ ಹಲಗೆಗಳ ಮೇಲೆ ಹೊಸ ಹೊಸ ಡಾಟ್ ಕಾಂ ಹೆಸರುಗಳು, ಒಂದೂ ನನ್ನ ಕಣ್ಣಿಗೆ ಇಳಿಯಲಿಲ್ಲ. ಸಿಕ್ಕಿಬಿದ್ದ ಕೂಡಲೇ ಏನು ಹೇಳಬೇಕೆಂದು ಬಾಯಲ್ಲೇ ತಯಾರಿ ಮಾಡಿಕೊಳ್ಳುತ್ತಿದ್ದೆ. ಅಂದುಕೊಂಡಂತೆಯೇ ಕಾರು ಸ್ಟೋರೇಜಿನ ಗೇಟಿನೊಳಗೆ ತಿರುಗಿತು. ನಿಜ ಹೇಳುತ್ತೇನೆ, ಆಗ ನನಗೆ ಖುಷಿಯಾಯಿತು.

ಅವರು ಕೆಲಸ ಶುರು ಮಾಡಲಿ ಎಂದು ಕಾಲು ಗಂಟೆ ಹೊರಗೆ ಕಾದೆ. ತಗಡಿನ ಬಾಗಿಲು ಅರ್ಧ ಎತ್ತಿತ್ತು. ಬಗ್ಗಿ ಒಳಗೆ ಹೋದೆ. ಮೂಸೆಯ ಮೇಲೆ ಪ್ಲಾಸ್ಟಿಕ್ಕು ಹೊದಿಸಿ ಟೇಪು ಸುತ್ತಿತ್ತು, ಅದರ ಮೇಲೆ ತಿಂಗಳುಗಟ್ಟಲೆಯ ದೂಳು. ಕೋವಿ ಕಂಬಳಿಯೊಳಗೆ ಮಲಗಿತ್ತು. ಮಧುಕರ್ ಕಾಗದದ ಅಂಗಿ, ಕೈಗವಸು ಹಾಕಿಕೊಂಡು ಒಂದು ಡಬ್ಬದ ಮೇಲೆ ಕೂತು ತಮ್ಮ ಕೈಗಡಿಯಾರದ ಪಟ್ಟಿಗೆ ಏನೋ ಸಣ್ಣ ಕಡ್ಡಿ ಉಜ್ಜುತ್ತಿದ್ದರು. ನನ್ನನ್ನು ಕಂಡು ಬೆಚ್ಚಿಬೀಳಲಿಲ್ಲ. ಬಾಗಿಲ ಹತ್ತಿರವೇ ನಿಲ್ಲು, ಒಳಗೆ ಏನೂ ಮುಟ್ಟಬೇಡ ಎಂದರು.

ಆ ಕಡ್ಡಿಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವಂತೆ. ತುದಿಯಲ್ಲಿ ರಾಸಾಯನಿಕ ಇರುತ್ತದೆ, ಉಜ್ಜಿದ ಕಡೆ ಸೀಸವಿದ್ದರೆ ಕೆಂಪಾಗುತ್ತದೆ. ಪಕ್ಕದಲ್ಲಿ ತೋಟಾದ ನೋಟ್‌ಬುಕ್ಕು ತೆರೆದಿತ್ತು. ಮೊದಲಿನ ಪುಟಗಳಲ್ಲಿ ಮದ್ದಿನ ತೂಕ, ಗುಂಡಿನ ತೂಕ. ಜೂನ್ ತಿಂಗಳಿಂದ ಈಚೆಗೆ ಬೇರೆಯೇ ಪಟ್ಟಿ. ಸ್ಟಿಯರಿಂಗು, ಇಲ್ಲ. ಕಪ್ಪು ಷೂ, ಇಲ್ಲ. ಲಾಸ್ಯಾ ಕಾರ್ ಸೀಟು, ಇಲ್ಲ. ಬೆಲ್ಟು, ಇಲ್ಲ. ನನ್ನ ತಲೆಗೂದಲು, ಇಲ್ಲ. ಪುಟದ ಮೇಲೆ ಪುಟ, ಪ್ರತಿ ಶನಿವಾರದ ತಾರೀಖು ಹಾಕಿ, ಕೊನೆಯಲ್ಲಿ ‘ನೋಡಿದವರು: ಮಧುಕರ್’. ನಾನು ಅವರನ್ನು ಅನುಮಾನಿಸುತ್ತಿದ್ದ ಅಷ್ಟೂ ದಿನ ಅವರು ನನಗಿಂತ ಶಿಸ್ತಾಗಿ ತಮ್ಮನ್ನೇ ಅನುಮಾನಿಸುತ್ತಾ ಕೂತಿದ್ದರು.

“ಎಲ್ಲಾ ನೋಡ್ದೆ ಶೈಲೂ. ಎಲ್ಲೂ ಸಿಗ್ತಿಲ್ಲ,” ಎಂದರು. “ಅಡುಗೆಮನೆ ಒಂದು ನೋಡಿಲ್ಲ. ನೀನು ಬಿಡಲ್ಲ, ಅಲ್ಲಿಗೆ ನಾನು ಹೋಗೋದೂ ಇಲ್ಲ.”

ನನ್ನ ಅಡುಗೆಮನೆಗೆ ನಿಮ್ಮ ಸೀಸ ಹೇಗೆ ಬರುತ್ತದೆ ಎಂದು ಕೇಳುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವರು ಒಂದು ಮರದ ಪೆಟ್ಟಿಗೆ ಎಳೆದು ನನ್ನ ಕಡೆ ತಿರುಗಿಸಿದರು. ಒಳಗೆ ಬೆರಳುದ್ದದ ಗಟ್ಟಿಗಳು ಸಾಲಾಗಿದ್ದವು. ಪ್ರತಿಯೊಂದರ ಮೇಲೂ ಹದಿನಾರು ಎಂದು ಮುದ್ರೆ ಒತ್ತಿತ್ತು.

“ಇವತ್ತು ಎಣಿಸ್ದೆ. ಹನ್ನೆರಡು ಹೊಯ್ದಿದ್ದೆ, ಹನ್ನೊಂದೇ ಇದೆ. ಹದಿನಾರು ಪಾಲು ಸೀಸ, ಒಂದು ಪಾಲು ತವರ. ಹೊಸದರಲ್ಲಿ ಬೆಳ್ಳಿ ಥರ ಹೊಳೀತಿತ್ತು, ಮಗು ಕಣ್ಣಿಗೆ ಬಿದ್ದೇ ಬಿದ್ದಿರುತ್ತೆ. ಎತ್ಕೊಂಡು ಹೋಗಿ ಮನೇಲೆಲ್ಲೋ ಬಚ್ಚಿಟ್ಟು ಚೀಪ್ತಿದಾಳೆ ಅನ್ಸುತ್ತೆ. ಮೇಲಿನ ಹಲಗೇಲಿ ತೆರೆದಿಟ್ಟಿದ್ದೆ ನಾನು, ಸ್ಟೂಲು ಹತ್ತಿದ್ರೆ ಸಿಗೋ ಹಾಗೆ. ನನ್ನದೇ ತಪ್ಪು.” ಪೆಟ್ಟಿಗೆಯನ್ನು ಮತ್ತೆ ಹಿಂದಕ್ಕೆ ತಳ್ಳಿದರು. “ಆ ಒಂದು ಗಟ್ಟಿ ಹುಡುಕು ಶೈಲೂ. ಆಮೇಲೆ ನನ್ನ ಮುಖ ನೋಡದಿದ್ರೂ ಪರವಾಗಿಲ್ಲ.”

ಮೇಲಿನ ಹಲಗೆ. ಕೆಳಗಿನ ಹಲಗೆಯಲ್ಲಿ ಬೂದು ಬಣ್ಣದ ಸೀಸದ ಗಡ್ಡೆಗಳಿದ್ದವು, ಅವನ್ನು ನಾನು ಸೆರಗಿನಿಂದಲೂ ಮುಟ್ಟಿರಲಿಲ್ಲ. ಮೇಲಿನ ಹಲಗೆಯಲ್ಲಿ ಹೊಳೆಯುತ್ತಿದ್ದ ಗಟ್ಟಿಗಳಲ್ಲಿ ಒಂದನ್ನು ಕಲಾಯಿಗೆಂದು ಎತ್ತಿಕೊಂಡಿದ್ದೆ. ಮೇಲೆ ಹದಿನಾರು ಎಂದಿತ್ತು, ಅವರ ಏನೋ ಗುರುತು ಎಂದುಕೊಂಡಿದ್ದೆ. ಬೂದು ಇರುವುದು ಸೀಸ, ಹೊಳೆಯುವುದು ತವರ. ಇಷ್ಟು ಗೊತ್ತಿದ್ದರೆ ಸಾಕು ಎಂದುಕೊಂಡು ಯಾರನ್ನೂ ಕೇಳಿರಲಿಲ್ಲ. ನನಗೊಂದು ಕಡ್ಡಿ ಕೊಡಿ, ಆಟದ ಸಾಮಾನು ನೋಡುತ್ತೇನೆ ಎಂದೆ. ಅವರು ಎರಡು ಕೊಟ್ಟರು.

ಮನೆಯಲ್ಲಿ ಸಾರಿನ ಪಾತ್ರೆ ಒಲೆಯ ಮೇಲೆಯೇ ಇತ್ತು. ಬೆಳಿಗ್ಗೆ ಮಾಡಿದ್ದ ಸಾರು ಅರ್ಧ ಉಳಿದಿತ್ತು. ಚೆಲ್ಲಿ, ತೊಳೆದು, ಒರೆಸಿ, ಒಳಗಡೆ ಕಡ್ಡಿ ಉಜ್ಜಿದೆ. ಅರ್ಧ ನಿಮಿಷವೂ ಆಗಲಿಲ್ಲ, ತುದಿ ಕುಂಕುಮದಷ್ಟು ಕೆಂಪಾಯಿತು. ನಂಬದೆ ಎರಡನೆಯದನ್ನೂ ಉಜ್ಜಿದೆ. ಅದ್ಯಾಕೆ ನಂಬಲಿಲ್ಲ ಎಂದು ಈಗ ನಗು ಬರುತ್ತದೆ. ಜೀವನದಲ್ಲಿ ಒಂದು ಸಲ ಮಾತ್ರ ನಾನು ಎರಡನೇ ಸಲ ನೋಡದೆ ಒಂದು ಕೆಲಸ ಮಾಡಿದ್ದೆ, ಅದರಲ್ಲಿ ಏಳು ತಿಂಗಳು ನನ್ನ ಮಗುವಿಗೆ ಉಣ್ಣಿಸಿದ್ದೆ. ಊಟ ಸೇರುತ್ತಿಲ್ಲ ಎಂದು ಇನ್ನೊಂದು ಸೌಟು ಹೆಚ್ಚಿಗೆ ಹಾಕಿದ್ದೆ.

ನೆಲದ ಮೇಲೆ ಕೂತುಬಿಟ್ಟೆ. ಆಗ ತಲೆಗೆ ಬಂದದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಮಂಗಳವಾರ ಕಸದ ಗಾಡಿ ಬರುತ್ತದೆ. ಪಾತ್ರೆಯನ್ನು ಎರಡು ಕವರಿನಲ್ಲಿ ಸುತ್ತಿ ಹಾಕಿದರೆ ಮುಗಿಯಿತು. ಮುಂದಿನ ಪರೀಕ್ಷೆಯಲ್ಲಿ ಅಂಕಿ ಇಳಿಯುತ್ತದೆ. ಅಪ್ಪ ದೂರವಾದದ್ದು ಕೊನೆಗೂ ಫಲ ಕೊಟ್ಟಿತು ಎಂದು ಡಾಕ್ಟರು ಒಪ್ಪುತ್ತಾರೆ, ನರ್ಸಮ್ಮ ಒಪ್ಪುತ್ತಾಳೆ, ಪಾಟ್‌ಲಕ್ಕಿನವರು ಒಪ್ಪುತ್ತಾರೆ. ಮಧುಕರ್ ಆಗಲೇ ಒಪ್ಪಿಕೊಂಡುಬಿಟ್ಟಿದ್ದಾರೆ. ಸಿಗದ ಆ ಗಟ್ಟಿಯನ್ನು ಹುಡುಕುತ್ತಾ ಬದುಕಿಡೀ ತಮ್ಮನ್ನು ಬೈದುಕೊಂಡು ಇರುತ್ತಾರೆ. ನನ್ನನ್ನು ಅನುಮಾನಿಸುವವರು ಭೂಮಿಯ ಮೇಲೆ ಯಾರೂ ಇಲ್ಲ.

ಎದ್ದು ಕವರು ತರಲು ಗರಾಜಿಗೆ ಹೋದೆ. ಕವರಿನ ಗೂಟದ ಪಕ್ಕದ ಹಲಗೆ ಖಾಲಿ ಇತ್ತು, ಅವರು ಬಿಟ್ಟುಹೋಗಿದ್ದ ಚೀಟಿಗಳ ಸುರುಳಿಯೊಂದು ಮಾತ್ರ ಅಲ್ಲಿ ಉಳಿದಿತ್ತು. ಬಿಡುವಾದಾಗ ಮೊದಲೇ ಬರೆದಿಟ್ಟುಕೊಳ್ಳುವ ಅಭ್ಯಾಸ ಅವರಿಗೆ. ತಾರೀಖು, ಮದ್ದು, ಲೋಹ, ತುಂಬಿದವರು. ಮುಂದೆಲ್ಲ ಖಾಲಿ ಜಾಗ. ಕವರು ಬಿಟ್ಟು ಸುರುಳಿ ತೆಗೆದುಕೊಂಡೆ.

ಮೊದಲು ಫೋನು ಮಾಡಿದ್ದು ಡಾಕ್ಟರ ಆಫೀಸಿಗೆ. ಶನಿವಾರದ ನರ್ಸು ಎತ್ತಿಕೊಂಡಳು, ನಡೆದದ್ದನ್ನು ಒಂದೂ ಬಿಡದೆ ಬರೆಸಿದೆ. ಸೋಮವಾರ ಬೆಳಿಗ್ಗೆಯೇ ಮಗುವನ್ನು ಕರೆತರಲು ಹೇಳಿದಳು, ನನ್ನ ರಕ್ತವನ್ನೂ ಮಧುಕರ್ ರಕ್ತವನ್ನೂ ನೋಡಬೇಕೆಂದಳು. ಎರಡನೆಯದು ವೆಂಕಟೇಶನ ಮನೆಗೆ. ಮಧುಕರ್ ಆಗಷ್ಟೇ ಬಂದಿದ್ದರು. ಗಟ್ಟಿ ಸಿಕ್ಕಿದೆ, ಬನ್ನಿ ಎಂದಷ್ಟೇ ಹೇಳಿದೆ.

ಇಪ್ಪತ್ತು ನಿಮಿಷದಲ್ಲಿ ಬಂದರು. ಅಷ್ಟರಲ್ಲಿ ಸಂಯುಕ್ತಾ ಮಗುವನ್ನು ಬಿಟ್ಟುಹೋಗಿದ್ದಳು. ಲಾಸ್ಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಲೆಯ ಕಡೆ ಬೆರಳು ಮಾಡಿ, “ಸಾಉ, ಮೋರ್ ಸಾಉ” ಎಂದು ರಚ್ಚೆ ಹಿಡಿದಿದ್ದಳು. ಮಧುಕರ್ ಅಭ್ಯಾಸಬಲದಿಂದ ಅಡುಗೆಮನೆಯ ಹೊಸ್ತಿಲಲ್ಲೇ ನಿಂತರು. ಒಳಗೆ ಬನ್ನಿ ಎಂದೆ. ಎರಡು ಸಲ ಹೇಳಬೇಕಾಯಿತು. ಪಾತ್ರೆಯನ್ನು ಮೇಜಿನ ಮೇಲೆ ಮಗುಚಿಟ್ಟಿದ್ದೆ. ಪಕ್ಕದಲ್ಲಿ ಎರಡು ಕೆಂಪು ಕಡ್ಡಿ. ಪಾತ್ರೆಯ ಮೇಲೆ ಅಂಟಿಸಿದ್ದ ಚೀಟಿಯನ್ನು ಅವರು ಬಗ್ಗಿ ಓದಿದರು. ತಾರೀಖು: ಫೆಬ್ರವರಿ, ಶನಿವಾರ. ಮದ್ದು: ನವಸಾಗರ. ಲೋಹ: ಹದಿನಾರಕ್ಕೆ ಒಂದು. ತುಂಬಿದವರು: ಶೈಲಜಾ.

ಅವರು ಓದಿ ಮುಗಿಸಿ ಒಂದು ಕಡ್ಡಿ ಎತ್ತಿಕೊಂಡು ಅದರ ತುದಿ ನೋಡಿದರು. ಬೈಯಲಿ ಎಂದು ಕಾದೆ, ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಕೊನೆಗೆ ಅವರು ಮುಂದಿನ ವಾರ, ಮುಂದಿನ ವಾರ ಎಂದೆನಲ್ಲ ನಾನು ಎಂದು ತಮಗೇ ಹೇಳಿಕೊಂಡರು. ಅದನ್ನು ಕೇಳಿ ನಾನು ಅತ್ತುಬಿಟ್ಟೆ.

ಅಳು ಕಂಡು ಲಾಸ್ಯಾ ಸುಮ್ಮನಾದಳು. ಆಮೇಲೆ ಅಪ್ಪ ಮನೆಯೊಳಗೆ ನಿಂತಿದ್ದಾರೆ ಎಂಬುದು ಅವಳಿಗೆ ಹೊಳೆಯಿತು. ಅವರು ಎತ್ತಿಕೊಳ್ಳಲು ಕೈ ನೀಡಿದ ಕೂಡಲೇ ನಾನು ಕಲಿಸಿದ್ದ ಹಾಗೆಯೇ ಅಂಗೈ ಮುಂದೆ ಮಾಡಿ ತಡೆದಳು. “ಅಪ್ಪಾ, ವಾಶ್.”

ಅವರು ನಲ್ಲಿಯ ಕಡೆ ತಿರುಗಿದರು. ನಾನು ಅವರ ತೋಳು ಹಿಡಿದು ನಿಲ್ಲಿಸಿದೆ.

“ಅಪ್ಪನ ಕೈ ಚೆನ್ನಾಗಿದೆ ಕಂದ,” ಎಂದೆ. “ತೊಳ್ಕೋಬೇಕಾದ್ದು ಅಮ್ಮ.”

ನಲ್ಲಿ ತಿರುಗಿಸಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ. ಎರಡೂ ಅಂಗೈ ತಿರುಗಿಸಿ ಅವಳಿಗೆ ತೋರಿಸಿದೆ. ಅಷ್ಟರಲ್ಲಿ ಅಪ್ಪ ಎತ್ತಿಕೊಂಡಿದ್ದ ಅವಳು ಅವರ ಹೆಗಲ ಮೇಲಿನಿಂದ ಬಗ್ಗಿ ಒಂದೊಂದು ಬೆರಳನ್ನೂ ನೋಡಿದಳು.